ಬೆಂಗಳೂರು ಬರುತ್ತದೆ, ಮೈಸೂರು ಬರುವುದಿಲ್ಲ: ಮದ್ದೂರು ಕಡೆಯ ಒಂದು ಆಲೆಮನೆ ರೇಡಿಯೋ ಪ್ರಕರಣ

ಪ್ರಕರಣ ಇಷ್ಟೇ. ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿ ಕಡೆಯ ತಗ್ಗಿನಲ್ಲಿ, ನಮ್ಮ ಸೋದರಮಾವನ ಆಲೆಮನೆ ಇದೆ. ಗಾಣ ತಿರುಗುವಷ್ಟು ಹೊತ್ತೂ ಅಲ್ಲೊಂದು ರೇಡಿಯೋ ಹಾಡುತ್ತಿರಬೇಕು. ಅದೂ ಮೈಸೂರು ಆಕಾಶವಾಣಿಯೇ ಆಗಬೇಕು, 100.6 ಮೆಗಾಹರ್ಟ್ಸ್. ಅದೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತದೆ. ಮುಳ್ಳು ಎಲ್ಲಿಗೆ ತಿರುಗಿಸಿದರೂ ಬೆಂಗಳೂರಿನ ಯಾವುದೋ ಒಂದು ಸ್ಟೇಷನ್ ಸಿಗುತ್ತದೆ. 100.6ಕ್ಕೆ ತಂದರೆ ಮಾತ್ರ ಜೊಯ್ಯೋ ಅನ್ನುವ ಸದ್ದು, ಆ ಸದ್ದಿನ ಹಿಂದೆಲ್ಲೋ ಒಂದು ಹಾಡು, ಆ ಹಾಡಿನ ಮೇಲೆ ಬೆಂಗಳೂರಿನವರ ಇನ್ನೊಂದು ಹಾಡು.

ಫೋನಿನಲ್ಲಿ ಆ್ಯಪ್ ಹಾಕಿಕೊಂಡರೆ ಆಯ್ತಲ್ವಾ ಅಂತ ನೀವು ಕೇಳಬಹುದು. ತಗಡಿನ ಒಳಗೆ ಡೇಟಾ ನಿಲ್ಲುವುದಿಲ್ಲ. ನಿಂತರೂ ಮಾವನಿಗೆ ಅದು ಬೇಡ. ಅವರು ಮೈಸೂರಿನಲ್ಲಿ ಓದಿದವರು, ಆಗಿನಿಂದ ಕೇಳಿಕೊಂಡು ಬಂದ ಸ್ಟೇಷನ್ ಅದು. 'ಆಕಾಶವಾಣಿ' ಅನ್ನುವ ಹೆಸರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಅನ್ನುವುದನ್ನು ಮಾವ ಆಲೆಮನೆಗೆ ಬೆಲ್ಲ ಕೊಳ್ಳಲು ಬಂದವರಿಗೂ ಹೇಳುತ್ತಾರೆ. ಅಂಥವರಿಗೆ ಸೆಟ್ ಬದಲಾಯಿಸಿ, ಆ್ಯಪ್ ಹಾಕಿ ಅಂತ ಹೇಳಿ ಗೆಲ್ಲುವುದು ಕಷ್ಟ. ಮುಳ್ಳು ತಿರುಗಿಸುವ ಹಳೆಯ ಸೆಟ್ಟು, ಅದೇ ಇರಬೇಕು, ಮೈಸೂರೇ ಬರಬೇಕು. ಷರತ್ತು ಅಷ್ಟು.

ನಾನು ಹೋಗುವ ಮೊದಲೇ ಒಂದು ಚಿಕಿತ್ಸೆ ಆಗಿತ್ತು. ಮಾವನ ಮಗ ಪೇಟೆಯ ಅಂಗಡಿಯೊಂದರಿಂದ ಟಿವಿ ಬೂಸ್ಟರ್ ತಂದು, ರೇಡಿಯೋದ ಕಡ್ಡಿಗೆ ವಯರ್ ಸುತ್ತಿ ಜೋಡಿಸಿದ್ದ. 20 ಡಿಬಿ ಅಂತ ಡಬ್ಬದ ಮೇಲೆ ಬರೆದಿತ್ತು. ಡಿಬಿ ಅಂದರೆ ಡೆಸಿಬೆಲ್, ಎಷ್ಟು ಪಟ್ಟು ಅನ್ನುವುದರ ಅಳತೆ. 10 ಡಿಬಿ ಅಂದರೆ ಹತ್ತು ಪಟ್ಟು, 20 ಅಂದರೆ ನೂರು ಪಟ್ಟು ಶಕ್ತಿ. ಕೇಳಲು ಚೆನ್ನಾಗಿದೆ. ಆದರೆ ಹಾಕಿದ ಮೇಲೆ ಪರಿಸ್ಥಿತಿ ಇನ್ನೂ ಕೆಟ್ಟಿತು. ಬೆಂಗಳೂರಿನ ಸ್ಟೇಷನ್‌ಗಳು ತಮ್ಮ ಜಾಗ ಬಿಟ್ಟು ಡಯಲ್ಲಿನ ಉದ್ದಕ್ಕೂ ಕಾಣಿಸಿಕೊಂಡವು. 98.3ರಲ್ಲಿ ಇರಬೇಕಾದ್ದು ಇನ್ನೆಲ್ಲೋ ಇಣುಕುತ್ತಿತ್ತು. ಕಾರಣ ಸರಳ. ಬೂಸ್ಟರ್‌ಗೆ ಮೈಸೂರು ಯಾವುದು, ಬೆಂಗಳೂರು ಯಾವುದು, ಬೇಡದ ಗಲಾಟೆ ಯಾವುದು ಅನ್ನುವುದು ಗೊತ್ತಿಲ್ಲ, ಬಂದದ್ದನ್ನೆಲ್ಲ ನೂರು ಪಟ್ಟು ಮಾಡಿ ಒಳಗೆ ತಳ್ಳುತ್ತದೆ. ಕಲ್ಲು ಬೆರೆತ ಅಕ್ಕಿಯನ್ನು ಸೇರಿನಿಂದ ಪಲ್ಲಕ್ಕೆ ಏರಿಸಿದ ಹಾಗೆ, ಅಕ್ಕಿ ಜಾಸ್ತಿ ಆಯ್ತು, ಕಲ್ಲೂ ಅಷ್ಟೇ ಜಾಸ್ತಿ ಆಯ್ತು. ಅದರ ಮೇಲೆ ಹಳೆಯ ಸೆಟ್ಟಿನೊಳಗೆ ಸಿಗ್ನಲ್ ಮೊದಲು ಹೋಗುವ ಭಾಗ ಅಷ್ಟು ಜೋರು ಸಿಗ್ನಲ್ ತಾಳುವುದಿಲ್ಲ. ತಾಳದೆ ಹೋದಾಗ ಎರಡು ಸ್ಟೇಷನ್ ಒಳಗೇ ಬೆರೆತು, ಇಲ್ಲದ ಜಾಗದಲ್ಲಿ ಮೂರನೆಯದು ಹುಟ್ಟುತ್ತದೆ. ಬೂಸ್ಟರ್ ಕಳಚಿ ಪಕ್ಕಕ್ಕಿಟ್ಟದ್ದು ಮೊದಲ ಕೆಲಸ.

ಬೂಸ್ಟರ್ ಎಲ್ಲಿಯೂ ಬೇಡ ಅಂತಲ್ಲ. ಆಂಟೆನಾದಿಂದ ಟಿವಿಗೆ 50-60 ಮೀಟರ್ ವಯರ್ ಎಳೆಯಬೇಕಾದ ಕಡೆ, ಆಂಟೆನಾದ ಬುಡದಲ್ಲೇ ಒಂದು ಒಳ್ಳೆಯ ಬೂಸ್ಟರ್ ಹಾಕಿದರೆ ವಯರ್‌ನಲ್ಲಿ ಕಳೆದುಹೋಗುವುದನ್ನು ಅದು ಮುಂಚೆಯೇ ತುಂಬಿಕೊಡುತ್ತದೆ. ಕೇಬಲ್ ಟಿವಿಯವರು ಎಳೆಯುವ ಆರ್‌ಜಿ-6 ವಯರ್ 100 ಮೆಗಾಹರ್ಟ್ಸ್‌ನಲ್ಲಿ 100 ಮೀಟರಿಗೆ ಹೆಚ್ಚು ಕಡಿಮೆ 6-7 ಡಿಬಿ ತಿನ್ನುತ್ತದೆ. ನಮ್ಮ ಆಲೆಮನೆಯಲ್ಲಿ ಬೇಕಾಗಿದ್ದದ್ದು 15 ಮೀಟರ್. ತಿಂದರೆ ಒಂದು ಡಿಬಿ ತಿನ್ನುತ್ತದೆ. ಅದಕ್ಕೆ ಬೂಸ್ಟರ್ ಯಾಕೆ?

ನಿಜವಾದ ಸುಳಿವು ಸಿಕ್ಕಿದ್ದು ಕೊಪ್ಪರಿಗೆ ಮುಂದೆ ನಿಲ್ಲುವ ಅಣ್ಣನಿಂದ. ಪಾಕ ನೋಡುವುದೇ ಅವರ ಕೆಲಸ, ಕಣ್ಣು ಅತ್ತ ಇತ್ತ ಹೋಗುವಂತಿಲ್ಲ, ಹಾಗಾಗಿ ಕಿವಿ ಮಾತ್ರ ರೇಡಿಯೋ ಕಡೆ. "ಕರೆಂಟ್ ವೋದಾಗ ಚೆನ್ನಾಗ್ ಬತ್ತದೆ ಕಣಣ್ಣೋ" ಅಂದರು. ಮಾವ ತಕ್ಷಣ ತೀರ್ಪು ಕೊಟ್ಟರು, "ಇನ್ನೇನ್ಲಾ, ಗಾಣದ್ ಮೋಟ್ರೇ ಕಣ್ಲಾ ಅದು." ಎಲ್ಲರೂ ಮೊದಲು ಹಿಡಿಯುವುದು ಮೋಟರನ್ನೇ. ದೊಡ್ಡದಾಗಿದೆ, ಸದ್ದು ಮಾಡುತ್ತದೆ, ಕಣ್ಣಿಗೆ ಬೀಳುತ್ತದೆ. ಆದರೆ ಗಾಣಕ್ಕೆ ಹಾಕಿರುವುದು ತ್ರೀ ಫೇಸ್ ಇಂಡಕ್ಷನ್ ಮೋಟರ್. ಅದರಲ್ಲಿ ಕಾರ್ಬನ್ ಬ್ರಷ್ ಇಲ್ಲ, ಬ್ರಷ್ ಇಲ್ಲದ ಮೇಲೆ ಕಿಡಿ ಇಲ್ಲ. ಸ್ಟಾರ್ಟರ್ ಹಾಕುವಾಗ, ತೆಗೆಯುವಾಗ ಒಂದು 'ಟಕ್' ಬರಬಹುದು, ಅಷ್ಟೇ. ಮಿಕ್ಸಿ, ಡ್ರಿಲ್ಲಿಂಗ್ ಮೆಷಿನ್ ಆಗಿದ್ದರೆ ಅನುಮಾನ ಪಡಬಹುದಿತ್ತು.

ಮಾತಿಗಿಂತ ಪರೀಕ್ಷೆ ಒಳ್ಳೆಯದು. ರೇಡಿಯೋವನ್ನು ಸೆಲ್ಲಿನ ಮೇಲೆ ಇಟ್ಟುಕೊಂಡು, ಮೋಟರ್ ಓಡುತ್ತಿರುವಾಗಲೇ ದೀಪಗಳ ಮೈನ್ ಮಾತ್ರ ಆಫ್ ಮಾಡಿಸಿದೆ. ಜೊಯ್ಯೋ ಅನ್ನುವುದು ಅರ್ಧಕ್ಕೂ ಕೆಳಗಿಳಿಯಿತು. ಆಮೇಲೆ ಮೋಟರ್ ನಿಲ್ಲಿಸಿ ದೀಪ ಹಾಕಿಸಿದೆ. ಜೊಯ್ಯೋ ವಾಪಸ್ ಬಂತು. ಮೋಟರ್ ಆ ಕ್ಷಣಕ್ಕೆ ಖುಲಾಸೆ ಆಯಿತು. ಆದರೂ ಮಾವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಈಗಲೂ ರೇಡಿಯೋ ಸ್ವಲ್ಪ ಕೊರಗಿದರೆ ಮೊದಲು ಮೋಟರನ್ನೇ ಬೈಯುತ್ತಾರೆ.

ಯಾವ ದೀಪ ಅಂತ ಹುಡುಕುವುದಕ್ಕೆ ಬೇರೆ ಉಪಕರಣ ಬೇಕಿಲ್ಲ, ರೇಡಿಯೋನೇ ಸಾಕು. ಸೆಟ್ಟನ್ನು ಮೀಡಿಯಂ ವೇವ್‌ಗೆ ಹಾಕಿ, ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ಮುಳ್ಳು ತಂದು, ಒಂದೊಂದೇ ಬಲ್ಬು, ಅಡಾಪ್ಟರ್, ಚಾರ್ಜರ್ ಹತ್ತಿರ ಹಿಡಿಯಬೇಕು. ಗಲಾಟೆ ಮಾಡುವುದರ ಹತ್ತಿರ ಹೋದಾಗ ಸೆಟ್ಟು ಗರ್‌ ಅಂತ ಕೂಗುತ್ತದೆ. ಎಲ್‌ಇಡಿ ಬಲ್ಬಿನ ಒಳಗೆ, ಮೊಬೈಲ್ ಚಾರ್ಜರ್ ಒಳಗೆ, ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುವ ಒಂದು ಸ್ವಿಚ್ ಇರುತ್ತದೆ. ಒಳ್ಳೆಯ ಕಂಪನಿಯವರು ಆ ಕತ್ತರಿಸುವ ಗಲಾಟೆ ಹೊರಗೆ ಬಾರದಂತೆ ಸಣ್ಣ ಕಾಯಿಲ್, ಕೆಪಾಸಿಟರ್ ಹಾಕುತ್ತಾರೆ. ಅಗ್ಗದವರು ಅಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸುತ್ತಾರೆ. ಆ ಗಲಾಟೆ ಮೀಡಿಯಂ ವೇವ್‌ನಲ್ಲಿ ಶುರುವಾಗಿ ಎಫ್‌ಎಂವರೆಗೂ ಹರಡುತ್ತದೆ, ವೈರಿಂಗ್ ಎಲ್ಲಾ ಅದಕ್ಕೆ ಆಂಟೆನಾ ಆಗಿ ಕೆಲಸ ಮಾಡುತ್ತದೆ.

ಸಿಕ್ಕಿಬಿದ್ದದ್ದು ಹೆಸರಿಲ್ಲದ ಕೆಲವು ಬಲ್ಬುಗಳು, ಜೊತೆಗೆ ತೂಕದ ಜಾಗಕ್ಕೆ ಹಾಕಿದ್ದ ಕ್ಯಾಮೆರಾದ ಅಡಾಪ್ಟರ್. ಅಸಲಿ ಕಳ್ಳ ಆ ಅಡಾಪ್ಟರ್. ಅದನ್ನು ಸಾಕೆಟ್‌ನಿಂದ ಕಿತ್ತ ಕೂಡಲೇ ಪಕ್ಕದಲ್ಲಿ ಅಚ್ಚಿಗೆ ಬೆಲ್ಲ ಸುರಿಯುತ್ತಿದ್ದ ಹುಡುಗ ತಲೆ ಎತ್ತಿ ನೋಡಿದ. ಬಲ್ಬು ಬದಲಾಯಿಸಿದೆವು, ಅಡಾಪ್ಟರ್ ಬೇರೆ ಹಾಕಿದೆವು, ಅದರ ವಯರ್ ಮೇಲೆ ಗಲಾಟೆ ತಡೆಯುವ ಒಂದು ಫೆರೈಟ್ ಗುಂಡು ಕ್ಲಿಪ್ ಮಾಡಿದೆವು. ಹಳೆಯ ಮಾನಿಟರ್ ಕೇಬಲ್ಲಿನ ತುದಿಯಲ್ಲಿ ಕಪ್ಪಗೆ ದಪ್ಪಗೆ ಇರುತ್ತದಲ್ಲ, ಅದೇ.

ಲ್ಯಾಪ್‌ಟಾಪಿಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಒಂದನ್ನೂ ನಾನು ಒಯ್ದಿದ್ದೆ. ಮೂಲತಃ ಕಂಪ್ಯೂಟರ್‌ನಲ್ಲಿ ಟಿವಿ ನೋಡಲು ಮಾಡಿದ ಅಗ್ಗದ ಡಾಂಗಲ್ ಅದು. ಅದರೊಳಗಿನ ಚಿಪ್ ಇಡೀ ತರಂಗಪಟ್ಟಿಯ ಒಂದು ತುಂಡನ್ನೇ ಲ್ಯಾಪ್‌ಟಾಪಿಗೆ ಕಳಿಸಬಲ್ಲದು ಅಂತ ಹವ್ಯಾಸಿಗಳು ಕಂಡುಕೊಂಡ ಮೇಲೆ ಎಲ್ಲರ ಚೀಲದಲ್ಲೂ ಒಂದು ಇರುತ್ತದೆ. ಪರದೆಯ ಮೇಲೆ ಸ್ಟೇಷನ್‌ಗಳು ಗುಡ್ಡಗಳಾಗಿ, ಗಲಾಟೆ ತಳದ ಗೆರೆಯಾಗಿ ಕಾಣುತ್ತದೆ. ಅಡಾಪ್ಟರ್ ಕಿತ್ತಾಗ ತಳದ ಗೆರೆ ಹತ್ತು ಡಿಬಿಯಷ್ಟು ಕೆಳಗೆ ಕೂತಿತು. ಒಂದು ರೂಪಾಯಿಯ ಆಂಟೆನಾ ಹಾಕದೆ ಸಿಕ್ಕಿದ 10 ಡಿಬಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಇರಲಿ, ಚಾರ್ಜರ್ ಸಿಕ್ಕಿಸಿಕೊಂಡು ಅಳೆದರೆ ನಿಮ್ಮ ಚಾರ್ಜರನ್ನೇ ಅಳೆದಂತೆ ಆಗುತ್ತದೆ.

ಇಷ್ಟಾದ ಮೇಲೆ 100.6 ಕೇಳಿಸತೊಡಗಿತು, ಆದರೆ ಬೆಂಗಳೂರು ಇನ್ನೂ ಮೇಲೇ ಕೂತಿತ್ತು. ಪರದೆ ನೋಡಿದಾಗ ಜಗಳ ಎಲ್ಲಿ ಅನ್ನುವುದು ಸ್ಪಷ್ಟವಾಯಿತು. 100.6ರ ಎಡಕ್ಕೆ 100.1, ಅದು ಬೆಂಗಳೂರಿನ ಅಮೃತವರ್ಷಿಣಿ. ಬಲಕ್ಕೆ 101.3, ಬೆಂಗಳೂರಿನ ಎಫ್‌ಎಂ ರೇನ್‌ಬೋ. ಎರಡು ದೊಡ್ಡ ಗುಡ್ಡಗಳ ನಡುವೆ ಮೈಸೂರು ಸಣ್ಣ ದಿಬ್ಬ. ಒಂದು ಎಫ್‌ಎಂ ಸ್ಟೇಷನ್ ಹಿಡಿಯುವ ಜಾಗ ಸುಮಾರು 0.2 ಮೆಗಾಹರ್ಟ್ಸ್, ಹಾಗಾಗಿ 0.5 ಅಂತರ ಒಳ್ಳೆಯ ಸೆಟ್ಟಿಗೆ ಧಾರಾಳ. ಮಾವನ ಸೆಟ್ಟಿನಲ್ಲಿ ಸ್ಟೇಷನ್ ಬೇರೆ ಮಾಡಲು ಇರುವುದು ಒಂದೇ ಒಂದು 10.7 ಮೆಗಾಹರ್ಟ್ಸ್ ಸೆರಾಮಿಕ್ ಫಿಲ್ಟರ್. ಪಕ್ಕದವನು ಜೋರಾಗಿದ್ದರೆ ಅದು ಸೋರುತ್ತದೆ.

ಮೈಸೂರು ಹತ್ತಿರ, ಬೆಂಗಳೂರು ದೂರ. ಮತ್ತೆ ಬೆಂಗಳೂರೇ ಯಾಕೆ ಜೋರು? ಮದ್ದೂರಿನಿಂದ ಮೈಸೂರು ನೇರ ಗಾಳಿದಾರಿಯಲ್ಲಿ 50 ಕಿಲೋಮೀಟರ್ ಚಿಲ್ಲರೆ, ಬೆಂಗಳೂರು 75ರ ಹತ್ತಿರ. ಆದರೆ ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ, ಮೈಸೂರು ಸುಮಾರು 760, ಮದ್ದೂರು 660ರ ಆಸುಪಾಸು. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿನ ದೃಷ್ಟಿಯ ಹಾಗೆ ನೇರ ಹೋಗುತ್ತದೆ, ಎತ್ತರದಲ್ಲಿ ನಿಂತವನು ದೂರದವರೆಗೆ ಕಾಣುತ್ತಾನೆ. ಇದು ಅರ್ಧ ಕಾರಣ.

ಇನ್ನರ್ಧ ಕಾರಣ ಆಲೆಮನೆಯೇ. ಮೇಲೆ ತಗಡು. ಪಡುವಣಕ್ಕೂ ತೆಂಕಣಕ್ಕೂ ಮಳೆ ಇರಚಲು ಬರುತ್ತದೆ ಅಂತ ನೆಲದವರೆಗೂ ತಗಡು. ಕಬ್ಬಿನ ಟ್ರ್ಯಾಕ್ಟರ್ ಬರುವ ಬಾಯಿ ಮೂಡಣಕ್ಕೆ, ವಾಸ್ತು ಬೇರೆ ನೋಡಿಸಿದ್ದರಲ್ಲ. ಮೂರು ಮೀಟರ್ ಉದ್ದದ ಅಲೆಗೆ ತಗಡಿನ ಗೋಡೆ ಅಂದರೆ ಗೋಡೆಯೇ, ಒಳಗೆ ಬರಬೇಕಾದರೆ ದೊಡ್ಡ ಬಾಯಿ ಬೇಕು. ಆ ಬಾಯಿ ತೆರೆದಿರುವುದು ಬೆಂಗಳೂರಿನ ಕಡೆಗೆ, ಬೆನ್ನು ಮೈಸೂರಿನ ಕಡೆಗೆ. ಇಡೀ ಆಲೆಮನೆ ಒಂದು ದೊಡ್ಡ ಆಂಟೆನಾ ಆಗಿ ಬೆಂಗಳೂರನ್ನೇ ಹಿಡಿಯುತ್ತಿತ್ತು. ಇದನ್ನು ಹೇಳಿದಾಗ ಮಾವ ನಕ್ಕು, "ಹಂಗಾರೆ ವಾಸ್ತು ಸರಿಯಾಗೇ ಕೆಲ್ಸ ಮಾಡೈತೆ ಬುಡು" ಅಂದರು.

ಹಾಗಾಗಿ ಆಂಟೆನಾ ಹೊರಗೆ, ತಗಡಿಗಿಂತ ಸಾಕಷ್ಟು ಮೇಲೆ ಹೋಗಲೇಬೇಕು. ಎತ್ತರದ ಲೆಕ್ಕ ಸುಲಭ. ಸಮತಟ್ಟು ನೆಲದಲ್ಲಿ ರೇಡಿಯೋ ಅಲೆ ಕಾಣುವ ದೂರ, ಕಿಲೋಮೀಟರ್‌ನಲ್ಲಿ, ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದಷ್ಟು. ಎರಡೂ ಕಡೆಯದನ್ನು ಕೂಡಬೇಕು. ಆ ಕಡೆ ಗೋಪುರ 100 ಮೀಟರ್ ಅಂತ ಇಟ್ಟುಕೊಳ್ಳಿ, 41 ಕಿಲೋಮೀಟರ್. ಈ ಕಡೆ ಮೇಜಿನ ಮೇಲಿನ ರೇಡಿಯೋ 1 ಮೀಟರ್, ಅದರದ್ದು 4. ಒಟ್ಟು 45, ಮದ್ದೂರು ಮುಟ್ಟುವುದಿಲ್ಲ. ಅದೇ ಆಂಟೆನಾ 9 ಮೀಟರ್ ಕಂಬದ ಮೇಲೆ ಇದ್ದರೆ 12, ಒಟ್ಟು 53, ಮುಟ್ಟುತ್ತದೆ. ದಿಗಂತ ದಾಟಿದ ಕೂಡಲೇ ಅಲೆ ಪೂರ್ತಿ ಸಾಯುವುದಿಲ್ಲ, ಸ್ವಲ್ಪ ಬಾಗಿ ಬರುತ್ತದೆ, ಆದರೆ ಸೊರಗಿ ಬರುತ್ತದೆ. ನಮ್ಮಂಥ ಅಂಚಿನಲ್ಲಿ ಇರುವವರಿಗೆ 30 ಅಡಿ ಪೈಪು ಯಾವ ಬೂಸ್ಟರಿಗಿಂತಲೂ ಮೇಲು.

ಈಗ ಆಂಟೆನಾ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ನಲ್ಲಿ ಬರುತ್ತದೆ. 100.6ಕ್ಕೆ 2.98 ಮೀಟರ್. ಡೈಪೋಲ್ ಅಂದರೆ ಅಲೆಯ ಅರ್ಧ ಉದ್ದದ ಕಡ್ಡಿಯನ್ನು ನಡುವೆ ಕತ್ತರಿಸಿ ವಯರ್ ಜೋಡಿಸುವ ಸರಳ ಆಂಟೆನಾ. ಅರ್ಧ ಅಲೆ ಅಂದರೆ 1.49, ಲೋಹದ ಕಡ್ಡಿಯಲ್ಲಿ ಐದು ಶೇಕಡಾ ಕಡಿಮೆ ಇಡಬೇಕು, 1.42. ನಡುವೆ ಕತ್ತರಿಸಿ ಎರಡು ತೋಳು, ಒಂದೊಂದು 71 ಸೆಂಟಿಮೀಟರ್. ಸಾಮಾನು ಬಂದದ್ದು ಗುಜರಿ ಅಂಗಡಿಯಿಂದ. ದೂರದರ್ಶನ ಕಾಲದ ಮೀನಿನ ಮುಳ್ಳಿನ ಆಂಟೆನಾಗಳು ಇನ್ನೂ ಅಲ್ಲಿ ಕಟ್ಟುಗಟ್ಟಲೆ ಬಿದ್ದಿವೆ, ತೂಕಕ್ಕೆ ಕೊಡುತ್ತಾರೆ. ಅದರಲ್ಲಿ 174ರಿಂದ 230 ಮೆಗಾಹರ್ಟ್ಸ್ ಪಟ್ಟಿಯದು ಸಿಕ್ಕಿದರೆ ಅದೃಷ್ಟ, ಯಾಕೆಂದರೆ 200 ಮೆಗಾಹರ್ಟ್ಸ್‌ನ ಪೂರ್ತಿ ಕಡ್ಡಿ ಅಂದರೆ 100 ಮೆಗಾಹರ್ಟ್ಸ್‌ನ ಒಂದು ತೋಳು, ಎರಡೂ 70 ಸೆಂಟಿಮೀಟರ್ ಆಸುಪಾಸು. ಕತ್ತರಿಸುವ ಕೆಲಸವೇ ಕಡಿಮೆ. ಅಲ್ಯೂಮಿನಿಯಂ ಮೇಲೆ ಬೂದು ಬಣ್ಣದ ಪುಡಿ ಕಟ್ಟಿರುತ್ತದೆ, ಉಪ್ಪು ಕಾಗದ ಹಾಕಿ ಹೊಳೆಯುವವರೆಗೆ ಉಜ್ಜಬೇಕು, ಇಲ್ಲದಿದ್ದರೆ ಸ್ಕ್ರೂ ಬಿಗಿದರೂ ಕರೆಂಟ್ ದಾಟುವುದಿಲ್ಲ.

ಮೊದಲು ಡೈಪೋಲ್ ಒಂದನ್ನೇ ಮೇಲೇರಿಸಿದೆವು. ಮೈಸೂರು ಚೆನ್ನಾಗಿ ಬಂತು. ಬೆಂಗಳೂರು ಅದಕ್ಕಿಂತ ಚೆನ್ನಾಗಿ ಬಂತು. ಮಾವನ ಮುಖ ನೋಡಬೇಕಿತ್ತು.

ಇಲ್ಲಿ ಮದ್ದೂರಿನ ಒಂದು ವಿಶೇಷ ತೊಂದರೆ ಇದೆ. ಡೈಪೋಲ್ ತನ್ನ ಅಗಲದ ಎರಡೂ ಮಗ್ಗುಲಿಗೆ ಒಂದೇ ಥರ ಕೇಳಿಸಿಕೊಳ್ಳುತ್ತದೆ, ಎರಡು ತುದಿಗಳ ಕಡೆ ಕಿವುಡು. ಬೇರೆ ಊರಾಗಿದ್ದರೆ ಬೇಡದ ಸ್ಟೇಷನ್ ಕಡೆ ತುದಿ ತಿರುಗಿಸಿ ಮುಗಿಸಬಹುದಿತ್ತು. ಆದರೆ ನಕ್ಷೆ ತೆಗೆದು ಸ್ಕೇಲ್ ಇಟ್ಟು ನೋಡಿ: ಮೈಸೂರು, ಮದ್ದೂರು, ಬೆಂಗಳೂರು ಹೆಚ್ಚುಕಡಿಮೆ ಒಂದೇ ಗೆರೆ. ಇಲ್ಲಿಂದ ಮೈಸೂರು ನೈಋತ್ಯಕ್ಕೆ, ಬೆಂಗಳೂರು ಸರಿಯಾಗಿ ಅದರ ಬೆನ್ನಿಗೆ, ಈಶಾನ್ಯಕ್ಕೆ. ಬೆಂಗಳೂರಿಗೆ ಕಿವಿ ಮುಚ್ಚಿದರೆ ಮೈಸೂರಿಗೂ ಮುಚ್ಚುತ್ತದೆ. ಡೈಪೋಲ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ.

ಬೇಕಾದದ್ದು ಮುಂದೆ ಮಾತ್ರ ಕೇಳಿ ಹಿಂದೆ ಕೇಳದ ಆಂಟೆನಾ, ಅಂದರೆ ಯಾಗಿ. 1920ರ ದಶಕದಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂಟಾರೊ ಉಡಾ ಕಷ್ಟಪಟ್ಟು ಮಾಡಿದ್ದು, ಹಿದೆತ್ಸುಗು ಯಾಗಿ ಜಗತ್ತಿಗೆ ಹೇಳಿದ್ದು, ಹೆಸರು ನಿಂತದ್ದು ಯಾಗಿಯದ್ದು. ಪಾಪ ಉಡಾ. ಡೈಪೋಲ್ ಹಿಂದೆ ಅದಕ್ಕಿಂತ ಸ್ವಲ್ಪ ಉದ್ದದ ಒಂದು ಕಡ್ಡಿ ಇಟ್ಟರೆ ಅದು ಹಿಂದಿನಿಂದ ಬಂದದ್ದನ್ನು ಕೊಲ್ಲಲು, ಮುಂದಿನಿಂದ ಬಂದದ್ದನ್ನು ಕೂಡಿಸಲು ಸಹಾಯ ಮಾಡುತ್ತದೆ. ಅದಕ್ಕೆ ವಯರ್ ಜೋಡಿಸುವುದೇ ಇಲ್ಲ, ಸುಮ್ನೆ ಅಲ್ಲಿದ್ದರೆ ಸಾಕು. ಮುಂದೆ ಸ್ವಲ್ಪ ಗಿಡ್ಡ ಕಡ್ಡಿ ಇಟ್ಟರೆ ಅದು ದಿಕ್ಕನ್ನು ಇನ್ನಷ್ಟು ಚೂಪು ಮಾಡುತ್ತದೆ. ನಾವು ಕೊನೆಗೆ ಕಟ್ಟಿದ ಅಳತೆ ಹೀಗಿದೆ: ಹಿಂದಿನ ಕಡ್ಡಿ 1.49 ಮೀಟರ್, ಡೈಪೋಲ್ 1.42, ಮುಂದಿನದು 1.32. ಹಿಂದಿನದಕ್ಕೂ ಡೈಪೋಲ್‌ಗೂ 60 ಸೆಂಟಿಮೀಟರ್, ಡೈಪೋಲ್‌ಗೂ ಮುಂದಿನದಕ್ಕೂ 45. ಉದ್ದ ಸಾಲದ ಕಡ್ಡಿಗಳಿಗೆ ಒಳಗೆ ಸಣ್ಣ ಪೈಪು ತೂರಿಸಿ ಸ್ಕ್ರೂ ಹಾಕಿ ಬೆಸೆದೆವು. ನಡುವಿನ ದಂಡಕ್ಕೆ ಎಲೆಕ್ಟ್ರಿಷಿಯನ್‌ಗಳು ಹಾಕುವ ದಪ್ಪ ಪಿವಿಸಿ ಪೈಪು, ಅದು ಲೋಹವಲ್ಲದ್ದರಿಂದ ಅಳತೆ ತಿದ್ದುವ ತಲೆನೋವು ಇಲ್ಲ. ಬಿಸಿಲಿಗೆ ಬಾಗದಿರಲಿ ಅಂತ ಒಳಗೆ ಬಿದಿರಿನ ಗಳು ತೂರಿಸಿದ್ದು ಆಲೆಮನೆಯ ಹುಡುಗರ ಐಡಿಯಾ, ಚೆನ್ನಾಗಿ ನಿಂತಿದೆ.

ಪುಸ್ತಕದ ಪ್ರಕಾರ ಇಂಥ ಮೂರು ಕಡ್ಡಿಯ ಯಾಗಿಯ ತಡೆ 75 ಓಮ್‌ಗಿಂತ ತುಂಬಾ ಕೆಳಗಿಳಿಯುತ್ತದೆ, 75 ಓಮ್‌ನ ಆರ್‌ಜಿ-6 ವಯರ್‌ಗೆ ಸರಿಯಾಗಿ ಹೊಂದುವುದಿಲ್ಲ. ಪ್ರಸಾರ ಮಾಡುವವರಿಗೆ ಅದು ದೊಡ್ಡ ವಿಷಯ. ಕೇಳುವವರಿಗೆ ಒಂದು ಡಿಬಿ ಆಸುಪಾಸು ನಷ್ಟ. ನಾನು ಅದರ ಹಿಂದೆ ಬೀಳಲಿಲ್ಲ. ವಯರ್ ಆಂಟೆನಾ ಹತ್ತಿರ ಬರುವ ಜಾಗದಲ್ಲಿ ಅದನ್ನೇ ಅಂಗೈ ಅಗಲಕ್ಕೆ ಐದಾರು ಸುತ್ತು ಸುತ್ತಿ ಟೇಪು ಹಾಕಿದೆ. ಇದನ್ನು ಮಾತ್ರ ಬಿಡಬೇಡಿ. ಈ ಸುರುಳಿ ಇಲ್ಲದಿದ್ದರೆ ವಯರ್‌ನ ಹೊರಕವಚವೇ ಆಂಟೆನಾ ಆಗಿ, ಕೆಳಗಿನ ಬಲ್ಬುಗಳ ಗಲಾಟೆಯನ್ನು ಹೊತ್ತು ಮೇಲೆ ಹೋಗುತ್ತದೆ, ಹಿಂದಿನ ಬೆಂಗಳೂರನ್ನೂ ಹಿಡಿಯುತ್ತದೆ.

ಹಿಂದಿನ ಕಡ್ಡಿ ಹಾಕಿದಾಗಲೇ ಪರದೆಯ ಮೇಲೆ ಎರಡು ದೊಡ್ಡ ಗುಡ್ಡಗಳು ಕುಸಿದವು. ಮುಂದಿನ ಕಡ್ಡಿ ಹಾಕಿದಾಗ ಮೈಸೂರಿನ ದಿಬ್ಬ ಸ್ವಲ್ಪ ಎದ್ದಿತು, ನಿರೀಕ್ಷೆಗಿಂತ ಕಡಿಮೆಯೇ. ಆದರೆ ಕಿವಿಗೆ ಆದ ವ್ಯತ್ಯಾಸ ಪರದೆಯಲ್ಲಿ ಕಂಡದ್ದಕ್ಕಿಂತ ಬಹಳ ದೊಡ್ಡದು. ಎಫ್‌ಎಂನ ಸ್ವಭಾವವೇ ಹಾಗೆ. ಗಲಾಟೆಗಿಂತ ಸಿಗ್ನಲ್ ಸುಮಾರು 10 ಡಿಬಿ ಮೇಲೆ ಏರುವವರೆಗೆ ಜೊಯ್ಯೋ ಅನ್ನುತ್ತಲೇ ಇರುತ್ತದೆ. ಆ ಹೊಸ್ತಿಲು ದಾಟಿದ ಕೂಡಲೇ ಗಲಾಟೆ ಥಟ್ಟನೆ ಮಾಯ. ಗಲಾಟೆ 10 ಡಿಬಿ ಇಳಿದಿತ್ತು, ಎತ್ತರದಿಂದ ಒಂದಷ್ಟು ಸಿಕ್ಕಿತು, ಯಾಗಿಯಿಂದ ಇನ್ನೊಂದು 4-5 ಡಿಬಿ. ಯಾವುದೂ ಒಂಟಿಯಾಗಿ ಸಾಲುತ್ತಿರಲಿಲ್ಲ, ಮೂರೂ ಸೇರಿ ಹೊಸ್ತಿಲು ದಾಟಿಸಿದವು. ಈ ಪ್ರಕರಣದಲ್ಲಿ ನಾನು ಒತ್ತಿ ಹೇಳುವ ಮಾತು ಇದೊಂದೇ: 'ಸಿಗ್ನಲ್ ವೀಕ್' ಅಂತ ಯಾರಾದರೂ ಅಂದರೆ, ಸಿಗ್ನಲ್ ಜಾಸ್ತಿ ಮಾಡುವ ಮೊದಲು ಅದನ್ನು ಮುಚ್ಚಿ ಹಾಕುತ್ತಿರುವುದು ಏನು ಅಂತ ನೋಡಿ.

ಹಳೆಯ ಸೆಟ್ಟಿಗೆ ಆಂಟೆನಾ ಸಾಕೆಟ್ ಇಲ್ಲ. ವಯರ್‌ನ ನಡುವಿನ ತಾಮ್ರಕ್ಕೆ ಕ್ರೊಕೊಡೈಲ್ ಕ್ಲಿಪ್ ಹಾಕಿ, ಸೆಟ್ಟಿನ ಕಡ್ಡಿಯನ್ನು ಪೂರ್ತಿ ಒಳಗೆ ತಳ್ಳಿ, ಬುಡಕ್ಕೆ ಕಚ್ಚಿಸಿದೆವು. ಕಡ್ಡಿ ಹೊರಗಿದ್ದರೆ ಅದೂ ತನ್ನ ಪಾಲಿನ ಬೆಂಗಳೂರನ್ನು ಹಿಡಿಯುತ್ತದೆ. ಹೊರಕವಚದಿಂದ ಇನ್ನೊಂದು ಕ್ಲಿಪ್, ಸೆಲ್ಲಿನ ಮೈನಸ್ ಸ್ಪ್ರಿಂಗಿಗೆ. ಕಡ್ಡಿಗಳನ್ನು ಅಡ್ಡ ಇಡಬೇಕೋ ನೆಟ್ಟಗೆ ನಿಲ್ಲಿಸಬೇಕೋ ಅನ್ನುವುದು ಊರಿಂದ ಊರಿಗೆ ಬೇರೆ, ಎರಡೂ ಮಾಡಿ ಕೇಳಿ ನೋಡುವುದೇ ಸರಿ. ಇಲ್ಲಿ ಅಡ್ಡ ಇಟ್ಟಾಗ ಚೆನ್ನಾಗಿತ್ತು.

ಅಪಾಯದ ಎರಡು ವಿಷಯ, ಇದರಲ್ಲಿ ತಮಾಷೆ ಬೇಡ. ಕಬ್ಬಿನ ಗದ್ದೆಗಳ ಮೇಲೆ 11 ಕೆವಿ ಲೈನ್ ಎಲ್ಲೆಂದರಲ್ಲಿ ಹಾದುಹೋಗುತ್ತದೆ. ಕಂಬ ಯಾವ ಕಡೆ ಬಿದ್ದರೂ ಕರೆಂಟ್ ತಂತಿಗೆ ತಾಗದಷ್ಟು ದೂರ ಇರಬೇಕು, ಎತ್ತುವಾಗಲೂ ಅಷ್ಟೇ. ನಾವು ಮೊದಲು ನೋಡಿದ್ದ ಜಾಗವನ್ನು ಇದೇ ಕಾರಣಕ್ಕೆ ಬಿಟ್ಟೆವು. ಇನ್ನೊಂದು ಸಿಡಿಲು. ಅಶ್ವಿನಿ, ಭರಣಿ ಮಳೆಯ ಗುಡುಗು ಈ ಕಡೆ ಬಲು ಜೋರು. ಕಂಬದ ಬುಡಕ್ಕೆ ದಪ್ಪ ಜಿಐ ತಂತಿ ಕಟ್ಟಿ ಅರ್ತಿಂಗ್ ರಾಡ್ ಹೊಡೆಸಿದ್ದೇವೆ, ಆದರೂ ಮೋಡ ಕಟ್ಟಿತು ಅಂದರೆ ಕ್ಲಿಪ್ ಕಿತ್ತು ಹೊರಗೆಸೆಯಬೇಕು ಅನ್ನುವುದು ಆಲೆಮನೆಯ ನಿಯಮ. ಅರ್ತಿಂಗ್ ಇದೆ ಅಂತ ಸಿಡಿಲಿಗೆ ಎದೆ ಕೊಟ್ಟು ರೇಡಿಯೋ ಕೇಳುವ ಹಾಗಿಲ್ಲ.

ಕೆಲಸ ಮುಗಿಯುತ್ತಿದ್ದಂತೆ ಮಾವನ ಮಗ ಕೇಳಿದ, "ಅಣ್ಣ, ಹಿಂಗೇ ಮೊಬೈಲ್‌ಗೂ ಒಂದು ಬೂಸ್ಟರ್ ಮಾಡ್ಕೊಡು." ಆಗುವುದಿಲ್ಲ ಅಂದೆ. ರೇಡಿಯೋ ಆಂಟೆನಾ ಕೇಳುತ್ತದೆ ಅಷ್ಟೇ, ಮೊಬೈಲ್ ಬೂಸ್ಟರ್ ವಾಪಸ್ ಪ್ರಸಾರವನ್ನೂ ಮಾಡುತ್ತದೆ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಕಾಲದಿಂದಲೂ ಪರವಾನಗಿ ಇಲ್ಲದೆ ಅಂಥ ಉಪಕರಣ ಇಟ್ಟುಕೊಳ್ಳುವುದು ಅಪರಾಧ. ಆನ್‌ಲೈನ್‌ನಲ್ಲಿ ಮಾರುತ್ತಾರೆ ಅನ್ನುವುದು ಬೇರೆ ಮಾತು. ಕೆಟ್ಟ ಬೂಸ್ಟರ್ ಒಂದು ಕೂಗಾಡಲು ಶುರು ಮಾಡಿದರೆ ಸುತ್ತಲಿನ ಟವರಿಗೆ ಕಿವಿ ಕೇಳಿಸುವುದಿಲ್ಲ, ಇಡೀ ಊರಿನ ಕಾಲ್ ಕಟ್ ಆಗುತ್ತದೆ. ಅದರ ಬದಲು ಹೊರಗಡೆ ಆಂಟೆನಾ ಸಾಕೆಟ್ ಇರುವ 4ಜಿ ರೂಟರ್ ತೆಗೆದುಕೋ, ಆಂಟೆನಾವನ್ನು ತಗಡಿನ ಹೊರಗೆ ಹಾಕು, ಒಳಗೆ ವೈಫೈ ಕೊಡು, ವೈಫೈ ಕಾಲಿಂಗ್ ಆನ್ ಮಾಡಿಕೋ ಅಂದೆ. ಇನ್ನೂ ತೆಗೆದುಕೊಂಡಿಲ್ಲ.

ಬೆಲ್ಲದ ಜಾಗ ಅನ್ನುವ ಕಾರಣಕ್ಕೆ ಬಂದ ಒಂದು ಕಾಯಿಲೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಕೊಪ್ಪರಿಗೆಯ ಆವಿ ಮೇಲೆ ಹೋಗಿ ಎಲ್ಲದರ ಮೇಲೂ ಸಣ್ಣಗೆ ಅಂಟು ಹಿಡಿಸುತ್ತದೆ. ಡೈಪೋಲ್‌ನ ನಡುವಿನ ಡಬ್ಬಕ್ಕೆ ಇರುವೆ ಸಾಲು ಹಚ್ಚಿದವು, ಸ್ಕ್ರೂ ಸುತ್ತ ಗೂಡು ಕಟ್ಟಿದವು, ಅವುಗಳ ತೇವಕ್ಕೆ ತಾಮ್ರ ಮತ್ತು ಅಲ್ಯೂಮಿನಿಯಂ ಸೇರುವ ಜಾಗ ಹಸಿರಾಯಿತು, ಮೈಸೂರು ಮತ್ತೆ ಕ್ಷೀಣಿಸಿತು. ಈಗ ತಾಮ್ರದ ತುದಿಗೆ ಸೀಸ ಹಾಕಿದ ಲಗ್, ಸ್ಟೇನ್‌ಲೆಸ್ ಸ್ಕ್ರೂ, ಮೇಲೆ ಪೂರ್ತಿ ಎಂ-ಸೀಲ್. ಆಮೇಲೆ ಇರುವೆ ಒಳಗೆ ಹೋಗಿಲ್ಲ, ಹೊರಗೆ ಓಡಾಡುತ್ತವೆ, ಓಡಾಡಲಿ.

ವಾಸಿಯಾಗದ ಭಾಗವೂ ಒಂದಿದೆ. ಚಳಿಗಾಲದ ಕೆಲವು ಬೆಳಗ್ಗೆ, ಮಂಜು ಕವಿದು ಕೆಳಗಿನ ಗಾಳಿ ತಣ್ಣಗೆ ಮೇಲಿನದು ಬೆಚ್ಚಗೆ ಇರುವಾಗ, ಎಫ್‌ಎಂ ಅಲೆ ಆ ಪದರದಲ್ಲಿ ಸಿಕ್ಕಿ ಎಂದಿಗಿಂತ ದೂರ ಬರುತ್ತದೆ. ಆಗ ಬೆಂಗಳೂರು ಎಷ್ಟೇ ಬೆನ್ನು ಹಾಕಿದರೂ ನುಗ್ಗುತ್ತದೆ, ಬಿಸಿಲೇರಿದ ಮೇಲೆ ತಾನಾಗಿ ಹೋಗುತ್ತದೆ. ಅದಕ್ಕೆ ಮೂರು ಕಡ್ಡಿ ಸಾಲದು, ಐದು ಕಡ್ಡಿ ಬೇಕು. ದಂಡ ಉದ್ದವಾಗುತ್ತದೆ, ಗಾಳಿಗೆ ನಿಲ್ಲುವುದಿಲ್ಲ. ಮಾವ ಬೇಡ ಅಂದರು.

ಎಲ್ಲ ಸೇರಿ ಖರ್ಚು ಸಾವಿರ ರೂಪಾಯಿ ಒಳಗೆ, ಕಂಬದ ಪೈಪು ಮನೆಯಲ್ಲೇ ಇತ್ತು. ಸಂಜೆ ಹೊತ್ತು ಹುಡುಗರಿಗೆ ಬೆಂಗಳೂರು ಬೇಕಂತೆ. ಹಾಗಾಗಿ ಕಂಬದ ಕ್ಲ್ಯಾಂಪ್ ಪೂರ್ತಿ ಬಿಗಿದಿಲ್ಲ, ಕೈಯಲ್ಲೇ ತಿರುಗುತ್ತದೆ, ಪೇಂಟಿನಲ್ಲಿ ಎದುರುಬದುರು 'ಮೈ', 'ಬೆಂ' ಅಂತ ಎರಡು ಗುರುತು ಹಾಕಿದ್ದೇವೆ. ವಯರ್‌ಗೆ ಬುಡದಲ್ಲಿ ಒಂದು ಸುತ್ತು ಸಡಿಲ ಬಿಟ್ಟಿದೆ. ಒಂದೇ ಕಡೆಗೆ ತಿರುಗಿಸುತ್ತಾ ಹೋದರೆ ಅದು ಕಂಬಕ್ಕೆ ಸುತ್ತಿಕೊಂಡು ಮೇಲಿನ ಜಾಯಿಂಟ್ ಕೀಳುತ್ತದೆ, ಹೋದ ದಾರಿಯಲ್ಲೇ ವಾಪಸ್ ತಿರುಗಿಸಬೇಕು.